ಗಣಕಯಂತ್ರದ ದಾಖಲೆಯೂ ಸಂಸಾರದ ಹಿತವೂ



ಸಂಸಾರದ ಸುಖವು ಆರೋಗ್ಯ, ದುಡಿಮೆ ಮತ್ತು ಪರಸ್ಪರ ವಿಶ್ವಾಸಗಳನ್ನು ಅವಲಂಬಿಸಿದೆ ಎಂಬುದು ತಮಗೆ ತಿಳಿದ ಮಾತೇ ಆಗಿದೆ. ಇಂದು ಇವುಗಳೊಡನೆ ಮತ್ತೊಂದು ಸಂಗತಿಯೂ ಸೇರಿಕೊಂಡಿದೆ. ಅದು ಸಂಸಾರದ ದಾಖಲೆ. ಗರ್ಭಿಣಿಯ ಆರೈಕೆ, ಮಗುವಿನ ಲಸಿಕೆ, ಶಾಲೆಯ ಪ್ರವೇಶ, ಪಡಿತರ ಧಾನ್ಯ, ಜಮೀನಿನ ಪಹಣಿ, ಮನೆಯ ಹಕ್ಕುಪತ್ರ ಇವೆಲ್ಲವೂ ಈಗ ಗಣಕಯಂತ್ರದ ಮೂಲಕ ನಡೆಯುತ್ತವೆ. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ ತಾಲ್ಲೂಕುಗಳ ಹಳ್ಳಿಗಳಲ್ಲಿ, ವಾಡಿಯಂತಹ ಪಟ್ಟಣಗಳಲ್ಲಿ ವಾಸಿಸುವ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಹಿಂದೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಹೇಳಿದರೆ ಊರಿನ ಪಟವಾರಿಯು ಗುರುತು ಹಿಡಿಯುತ್ತಿದ್ದನು. ಗಣಕಯಂತ್ರಕ್ಕೆ ಅದರಲ್ಲಿ ಬರೆದಿಟ್ಟಷ್ಟೇ ಗೊತ್ತು. ಆದಕಾರಣ ಸರಿಯಾದುದನ್ನು, ಸಕಾಲದಲ್ಲಿ, ಗಂಡ ಹೆಂಡಿರಿಬ್ಬರೂ ತಿಳಿದು ಬರೆಸಿಡುವುದು ಮಕ್ಕಳ ಹಿತಕ್ಕೆ ಅಗತ್ಯ. ಅದು ಹೇಗೆ ಎಂಬುದೇ ಈ ಪಾಠದ ವಿಷಯ.

1. ಹಿಂದಿನ ಕ್ರಮ ಮತ್ತು ಇಂದಿನ ಕ್ರಮ

ನಮ್ಮ ಈ ಪ್ರದೇಶವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. 1956ರ ನವೆಂಬರ್ 1ರಂದು ಕನ್ನಡ ನಾಡಿನೊಡನೆ ಒಂದುಗೂಡಿತು. ನಿಜಾಮರ ಕಾಲದಲ್ಲಿ ಕಚೇರಿಯ ಕಾಗದಪತ್ರಗಳು ಉರ್ದುವಿನಲ್ಲಿದ್ದುದರಿಂದ ಅವುಗಳಲ್ಲಿ ಏನು ಬರೆದಿದೆ ಎಂಬುದು ಬಹುಮಂದಿ ರೈತರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಕನ್ನಡದಲ್ಲಿ ಬರೆಯುವ ಕ್ರಮ ಬಂದರೂ ದಾಖಲೆಯು ಗ್ರಾಮ ಲೆಕ್ಕಿಗರ ಕೈಯಲ್ಲಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಿದ ಮೊದಲ ದೊಡ್ಡ ಕಾರ್ಯವೆಂದರೆ ಕರ್ನಾಟಕದ 'ಭೂಮಿ' ಯೋಜನೆ. 2000ದ ಸುಮಾರಿಗೆ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಪಹಣಿಯನ್ನು ತಾಲ್ಲೂಕು ಕೇಂದ್ರದಲ್ಲಿ ಗೊತ್ತುಪಡಿಸಿದ ಶುಲ್ಕ ಕೊಟ್ಟು ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸುವ ನಿಯಮವೂ ಜಾರಿಗೆ ಬಂದಿತು.

ತರುವಾಯ ಹೋಬಳಿಗಳ ನಾಡಕಚೇರಿಗಳಲ್ಲಿ ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣ ಪತ್ರಗಳನ್ನು ಗಣಕಯಂತ್ರದಿಂದ ಕೊಡುವ ಏರ್ಪಾಡಾಯಿತು. 2022ರ ಜನವರಿಯಿಂದ 'ಗ್ರಾಮ ಒನ್' ಕೇಂದ್ರಗಳು ಹಂತಹಂತವಾಗಿ ಹಳ್ಳಿಗಳನ್ನು ತಲುಪಿದವು. ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿ, ತಾಲ್ಲೂಕು ಕಚೇರಿಗೆ ಹಲವು ಸಲ ಅಲೆಯಬೇಕಾಗಿದ್ದ ಕುಟುಂಬಗಳಿಗೆ ಇದರಿಂದ ಅನುಕೂಲವಾಗಿದೆ.

2. ತಾಯಿಯ ಹೆಸರಿನಲ್ಲಿ ದಾಖಲೆ

ಗರ್ಭ ನಿಂತಿರುವುದು ತಿಳಿದ ಕೂಡಲೇ, 12 ವಾರಗಳೊಳಗಾಗಿ, ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಸಹಾಯಕಿಗೆ ತಿಳಿಸಿ ಹೆಸರು ನೋಂದಾಯಿಸತಕ್ಕದ್ದು. ಆಗ ದೊರೆಯುವ ತಾಯಿ ಕಾರ್ಡಿನಲ್ಲಿ ಒಂದು ಸಂಖ್ಯೆ ಇರುತ್ತದೆ. ತಪಾಸಣೆ, ಹೆರಿಗೆ, ಮಗುವಿನ ಲಸಿಕೆಗಳ ವಿವರಗಳು ಈ ನೋಂದಣಿಯೊಡನೆ ಸೇರಿಕೊಳ್ಳುತ್ತವೆ. ಕಾರ್ಡನ್ನು ಜೋಪಾನವಾಗಿಡಿರಿ. ಅದರ ಸಂಖ್ಯೆಯನ್ನು ಗಂಡನೂ ಬರೆದಿಟ್ಟುಕೊಳ್ಳಲಿ.

ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂಪಾಯಿ ದೊರೆಯುತ್ತದೆ. ಗರ್ಭಿಣಿಯ ನೋಂದಣಿ ಮತ್ತು ತಪಾಸಣೆಯಾದ ಮೇಲೆ 3,000 ರೂಪಾಯಿ, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000 ರೂಪಾಯಿ. ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ದೊರೆಯುತ್ತದೆ. ಈ ಹಣವು ನೇರವಾಗಿ ತಾಯಿಯ ಖಾತೆಗೆ ಜಮೆಯಾಗುತ್ತದೆ. ನೋಂದಣಿಯಲ್ಲಿ ತಡವಾದರೆ ಕಂತೂ ತಪ್ಪೀತು ಎಂಬುದನ್ನು ಗಮನಿಸಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಆಧಾರ್ ಸಂಖ್ಯೆಯನ್ನು ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಜೋಡಿಸಲಾಗಿದೆಯೋ ಆ ಖಾತೆಗೆ ಹಣ ಹೋಗುತ್ತದೆ. ಹಳೆಯ ಖಾತೆಯ ಪುಸ್ತಕವನ್ನು ನೋಡಿ 'ಹಣ ಬಂದಿಲ್ಲ' ಎಂದು ನಿರಾಶರಾಗುವ ಮೊದಲು, ಜೋಡಣೆ ಯಾವ ಬ್ಯಾಂಕಿನಲ್ಲಿದೆ ಎಂದು ವಿಚಾರಿಸುವುದು ಲೇಸು. ತಾಯಿಗೆ ಬರುವ ಹಣ ಆಕೆಯ ಮತ್ತು ಶಿಶುವಿನ ಪೋಷಣೆಗೆ ಮೀಸಲು. ಅದನ್ನು ಬೇರೆ ಸಾಲಕ್ಕೆ ತಿರುಗಿಸುವುದು ತರವಲ್ಲ.

3. ಮಗುವಿನ ಜನನ ನೋಂದಣಿ

1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಜನನವಾದ 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ. ನೋಂದಣಿಯಾದ 7 ದಿನಗಳೊಳಗೆ ಒಂದು ಪ್ರಮಾಣ ಪತ್ರವನ್ನು ಉಚಿತವಾಗಿ ಕೊಡಬೇಕೆಂದು ನಿಯಮವಿದೆ. 21 ದಿನ ಮೀರಿದರೆ ತಡ ಶುಲ್ಕ, 30 ದಿನ ಮೀರಿದರೆ ಮೇಲಧಿಕಾರಿಯ ಅನುಮತಿ, ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಒಂದು ದಿನದ ಆಲಸ್ಯವು ಹಲವು ತಿಂಗಳ ಅಲೆದಾಟಕ್ಕೆ ಕಾರಣವಾದೀತು.

2023ರ ಅಕ್ಟೋಬರ್ 1ರಿಂದ ಈ ಕಾಯಿದೆಯ ತಿದ್ದುಪಡಿ ಜಾರಿಯಲ್ಲಿದೆ. ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮುಂತಾದವುಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳವನ್ನು ತೋರಿಸಲು ಜನನ ಪ್ರಮಾಣ ಪತ್ರವೇ ಆಧಾರ. ಹೆಣ್ಣುಮಗಳಿಗೆ 18 ವರ್ಷ ತುಂಬುವ ಮೊದಲೇ ಮದುವೆ ಮಾಡಬೇಕೆಂದು ಬಂಧುಗಳು ಒತ್ತಾಯಿಸಿದಾಗ ಈ ಒಂದು ಹಾಳೆಯೇ ಆಕೆಯ ರಕ್ಷಣೆಯಾಗುತ್ತದೆ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನಗಳಿವೆ. ಅದಕ್ಕೆ ಬೇಕಾದ ಅರ್ಹತಾ ಪತ್ರಕ್ಕೂ ಜನನದ ಅಥವಾ ವಾಸದ ದಾಖಲೆ ಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಆದರೂ ಮನೆಗೆ ಹೊರಡುವ ಮೊದಲು ತಂದೆ ತಾಯಿಗಳ ಹೆಸರು ಸರಿಯಾಗಿ ಬರೆದಿದೆಯೇ ಎಂದು ಓದಿಸಿ ಕೇಳಿರಿ. ಮನೆಯಲ್ಲಿ ಹೆರಿಗೆಯಾದರೆ ತಿಳಿಸುವ ಹೊಣೆ ಮನೆಯ ಯಜಮಾನನದು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಜನನವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗತಕ್ಕದ್ದು. ಚಿತ್ತಾಪುರದ ಸೊಸೆ ಚಿಂಚೋಳಿಯ ತವರಿನಲ್ಲಿ ಹೆತ್ತರೆ ಆ ಭಾಗದ ನೋಂದಣಿ ಕಚೇರಿಯಲ್ಲಿಯೇ ದಾಖಲಾಗಬೇಕು. ಗಡಿ ದಾಟಿ ತೆಲಂಗಾಣದ ತಾಂಡೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಪ್ರಮಾಣ ಪತ್ರವು ಅಲ್ಲಿಯದು. ಆದ್ದರಿಂದ ಬಾಣಂತಿ ಗಂಡನ ಮನೆಗೆ ಮರಳುವ ಮೊದಲೇ ಪತ್ರವನ್ನು ಪಡೆದುಕೊಳ್ಳಿರಿ. ಹೆಸರಿಡುವುದು ತಡವಾದರೆ ಚಿಂತೆಯಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಮಗುವಿನ ಹೆಸರನ್ನು ಸೇರಿಸಬಹುದು.

4. ಒಬ್ಬರಿಗೆ ಒಂದೇ ಹೆಸರು

ಈ ಭಾಗದ ಅನೇಕ ಮನೆತನಗಳಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಡುವ ಪದ್ಧತಿ ಇದೆ. ಪದ್ಧತಿಯಲ್ಲಿ ದೋಷವೇನೂ ಇಲ್ಲ. ಆದರೆ ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಬಗೆಯ ಕಾಗುಣಿತ ಇದ್ದರೆ ಗಣಕಯಂತ್ರವು ಇವರನ್ನು ಮೂವರು ಬೇರೆ ಬೇರೆ ಹೆಂಗಸರೆಂದು ತಿಳಿಯುತ್ತದೆ. ಆಗ ಬರಬೇಕಾದ ನೆರವು ನಿಂತುಹೋಗುತ್ತದೆ. ಯಾವ ಹೆಸರು ಉಳಿಯಬೇಕೆಂದು ದಂಪತಿಗಳು ಕುಳಿತು ನಿಶ್ಚಯಿಸಿ, ಎಲ್ಲ ದಾಖಲೆಗಳಲ್ಲಿಯೂ ಅದನ್ನೇ ಬರೆಸಿರಿ. ತಾನು ಓದಿ ಬೆಳೆದ ಹೆಸರನ್ನೇ ಹೆಂಡತಿ ಉಳಿಸಿಕೊಳ್ಳಬಯಸಿದರೆ ಗಂಡನು ಒಪ್ಪುವುದು ಒಳ್ಳೆಯದು. ತಿದ್ದುಪಡಿಯ ಕೆಲಸವೂ ಕಡಿಮೆಯಾಗುತ್ತದೆ.

5. ದುಡಿಯಲು ದೂರ ಹೋಗುವವರಿಗೆ

ತೊಗರಿಯ ರಾಶಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಕೂಲಿಗಾಗಿ ಹೋಗುವ ಕುಟುಂಬಗಳು ಇಲ್ಲಿ ಅನೇಕ. ಅಂತಹವರ ಮಕ್ಕಳಿಗೆ ಲಸಿಕೆ ತಪ್ಪಿಹೋಗುತ್ತಿದ್ದುದು ಹಳೆಯ ಸಮಸ್ಯೆ. ಈಗ 'ಯು-ವಿನ್' ಎಂಬ ವ್ಯವಸ್ಥೆಯಲ್ಲಿ ದಾಖಲಾದ ಮಗುವಿಗೆ ದೇಶದ ಬೇರೆ ಊರಿನಲ್ಲಿಯೂ ಲಸಿಕೆ ಹಾಕಿಸಿ ಅದೇ ದಾಖಲೆಯನ್ನು ಮುಂದುವರಿಸಬಹುದು. ಹಾಗೆಯೇ 'ಒಂದು ರಾಷ್ಟ್ರ ಒಂದು ಪಡಿತರ ಚೀಟಿ' ಏರ್ಪಾಡಿನಂತೆ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಧಾನ್ಯವನ್ನು ಪರಸ್ಥಳದಲ್ಲಿಯೂ ಪಡೆಯಬಹುದು. ಹೊರಡುವ ಗಂಟಿನಲ್ಲಿ ತಾಯಿ ಕಾರ್ಡನ್ನು ಮೊದಲು ಇಟ್ಟುಕೊಳ್ಳಿರಿ.

6. ಯಂತ್ರವು ಕೈಕೊಟ್ಟಾಗ

ಯಂತ್ರದಿಂದ ಅನುಕೂಲವೇ ಆಗುತ್ತದೆಂದು ಹೇಳಲಾಗದು. ಶಹಾಬಾದ ಕಲ್ಲಿನ ಗಣಿಗಳಲ್ಲಿ ದುಡಿದವರ, ಹೊಲದಲ್ಲಿ ಕಳೆ ಕಿತ್ತವರ ಬೆರಳಿನ ಗೆರೆಗಳು ಸವೆದಿರುತ್ತವೆ, ಬೆರಳಚ್ಚು ಕೂಡುವುದಿಲ್ಲ. ಚಿಂಚೋಳಿಯ ಅರಣ್ಯದಂಚಿನ ತಾಂಡಾಗಳಲ್ಲಿ ಫೋನಿನ ಸಂಕೇತ ಸಿಗದೆ ಕೆಲಸ ನಿಲ್ಲುವುದುಂಟು. ಇವು ನಿಮ್ಮ ತಪ್ಪುಗಳಲ್ಲ. ಆಧಾರ್ ಇಲ್ಲವೆಂಬ ಅಥವಾ ಬೆರಳಚ್ಚು ಕೂಡಲಿಲ್ಲವೆಂಬ ಕಾರಣಕ್ಕೆ ಅರ್ಹ ಕುಟುಂಬಕ್ಕೆ ಪಡಿತರವನ್ನು ನಿರಾಕರಿಸಬಾರದೆಂದು ಕೇಂದ್ರ ಸರ್ಕಾರವು 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಬರಿಗೈಯಲ್ಲಿ ಹಿಂದಿರುಗದೆ, ತಹಶೀಲು ಕಚೇರಿಯ ಆಹಾರ ಶಾಖೆಗೆ ಬರಹದಲ್ಲಿ ದೂರು ಕೊಡಿರಿ.

ಅರ್ಜಿ ವಿಳಂಬವಾದರೆ 'ಸಕಾಲ' ಕಾಯಿದೆಯ ಆಸರೆ ಇದೆ. ನೆರೆಯ ಬೀದರ ಜಿಲ್ಲೆಯ ಔರಾದವೂ ಸೇರಿ ನಾಲ್ಕು ತಾಲ್ಲೂಕುಗಳಲ್ಲಿ 2012ರ ಮಾರ್ಚ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದು ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಅನ್ವಯಿಸಿತು. ಸಕಾಲಕ್ಕೆ ಸೇರಿದ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. ಗೊತ್ತಾದ ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಸ್ವೀಕೃತಿ ಪತ್ರವಿಲ್ಲದ ಅರ್ಜಿಯು ಗಾಳಿಗೆ ಹೇಳಿದ ಮಾತಿನಂತೆ.

ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು, ಅಂದರೆ ಓಟಿಪಿಯನ್ನು, ಅಪರಿಚಿತರಿಗೆ ಹೇಳಬೇಡಿರಿ. ನೆರವು ಕೊಡಿಸುತ್ತೇವೆಂದು ಕರೆ ಮಾಡಿ ಖಾತೆಯ ಹಣವನ್ನೇ ಎಳೆದುಕೊಳ್ಳುವ ವಂಚಕರಿದ್ದಾರೆ.

7. ಮನೆ, ಜಮೀನು ಮತ್ತು ಪಂಚಾಯಿತಿ

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಂದಾಯ ಗ್ರಾಮಗಳೆಂದು ಹೊಸದಾಗಿ ಘೋಷಿತವಾದ ತಾಂಡಾ ಮುಂತಾದ ಜನವಸತಿಗಳ ಸುಮಾರು 50 ಸಾವಿರ ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಯ ಸಮಾರಂಭ ನಡೆಯಿತು. ತಲೆಮಾರುಗಳಿಂದ ವಾಸಿಸುತ್ತಿದ್ದರೂ ಸರ್ಕಾರದ ದಾಖಲೆಯಲ್ಲಿ ಊರೇ ಇಲ್ಲದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ನಿಮ್ಮ ಮನೆಯ ಪತ್ರವು ಪಂಚಾಯಿತಿಯ 'ಇ-ಸ್ವತ್ತು' ದಾಖಲೆಯಲ್ಲಿ ಸೇರಿದೆಯೇ, ಅಳತೆ ಸರಿ ಇದೆಯೇ, ಯಾರ ಹೆಸರಿನಲ್ಲಿದೆ ಎಂಬುದನ್ನು ಇಬ್ಬರೂ ತಿಳಿದಿರಿ. ಯಜಮಾನನು ತೀರಿಕೊಂಡಾಗ ಮರಣ ನೋಂದಣಿ ಆಗದಿದ್ದರೆ ಪೌತಿ ಖಾತೆಯೂ ಆಗುವುದಿಲ್ಲ. ವಿಧವೆಯೂ ಮಕ್ಕಳೂ ಪರರ ಮುಂದೆ ಕೈಚಾಚಬೇಕಾದೀತು.

ಗ್ರಾಮ ಪಂಚಾಯಿತಿಯ ಯೋಜನೆ ಮತ್ತು ಲೆಕ್ಕಗಳು 2020ರಲ್ಲಿ ಆರಂಭವಾದ 'ಇ-ಗ್ರಾಮಸ್ವರಾಜ್' ವ್ಯವಸ್ಥೆಯಲ್ಲಿ ಎಲ್ಲರಿಗೂ ಕಾಣಸಿಗುತ್ತವೆ. ಶಾಲೆ ಓದುವ ಮಗನೋ ಮಗಳೋ ಫೋನಿನಲ್ಲಿ ಅದನ್ನು ತೆರೆದು ಓದಿಹೇಳಬಲ್ಲರು. ಆದರೆ ಲೆಕ್ಕ ಕಂಡ ಮಾತ್ರಕ್ಕೆ ಕೊಳವೆಯಲ್ಲಿ ನೀರು ಬರುವುದಿಲ್ಲ. ಗ್ರಾಮಸಭೆಗೆ ಇಬ್ಬರೂ ಹೋಗಿ ವಿಚಾರಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

- ಗರ್ಭಿಣಿಯ ನೋಂದಣಿ 12 ವಾರಗಳೊಳಗೆ. ಜನನದ ನೋಂದಣಿ 21 ದಿನಗಳೊಳಗೆ.
- ತಾಯಿ, ತಂದೆ, ಮಗು ಇವರ ಹೆಸರು ಎಲ್ಲ ದಾಖಲೆಗಳಲ್ಲಿಯೂ ಒಂದೇ ಬಗೆಯಲ್ಲಿರಲಿ.
- ಹೆಂಡತಿಗೆ ಸ್ವಂತ ಖಾತೆ ಇರಲಿ. ಅದರ ವ್ಯವಹಾರವು ಆಕೆಗೆ ತಿಳಿದಿರಲಿ.
- ಮಗುವಿಗೆ 5 ವರ್ಷ ಮತ್ತು 15 ವರ್ಷ ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು ಮುಂತಾದ ಗುರುತುಗಳನ್ನು ಹೊಸದಾಗಿ ಕೊಡಿಸಿರಿ.
- ಪ್ರತಿ ಅರ್ಜಿಗೂ ಸ್ವೀಕೃತಿ ಪತ್ರ ಪಡೆಯಿರಿ.
- ತುರ್ತು ವಾಹನಕ್ಕೆ 108, ಆರೋಗ್ಯದ ಸಲಹೆಗೆ 104, ಮಕ್ಕಳ ರಕ್ಷಣೆಗೆ 1098 ಸಂಖ್ಯೆಗೆ ಕರೆ ಮಾಡಿರಿ.

ದಂಪತಿಗಳು ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಪ್ರತಿಯೊಂದು ಮಗುವಿನ ಜನನ ಪ್ರಮಾಣ ಪತ್ರವೂ ಮನೆಯಲ್ಲಿದೆಯೇ?
2. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕಗಳಲ್ಲಿ ನಮ್ಮ ಹೆಸರುಗಳು ಹೊಂದುತ್ತವೆಯೇ?
3. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದಾಗ ಮನೆಯ ಕಾಗದಪತ್ರಗಳು ಎಲ್ಲಿವೆ ಎಂಬುದು ಮತ್ತೊಬ್ಬರಿಗೆ ತಿಳಿದಿದೆಯೇ?

ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ 'ಇಲ್ಲ' ಎಂಬ ಉತ್ತರ ಬಂದರೆ, ಮುಂದಿನ ಸಂತೆಯ ದಿನ ಪೇಟೆಗೆ ಹೋದಾಗ ಆ ಕೆಲಸವನ್ನೇ ಮೊದಲು ಪೂರೈಸಿರಿ.