ಕಿವಿಯೊಳಗೆ ಒಮ್ಮೆ ಮಾತ್ರ ಹುಟ್ಟುವ ಕೋಶಗಳು



ಮುಂಜಾನೆಯ ಅಜಾನ್, ಕೋಲಾರ ಎಪಿಎಂಸಿಯ ಟೊಮೆಟೊ ಹರಾಜಿನ ಕೂಗು, ತರಗತಿಯ ಗಂಟೆ ಇವೆಲ್ಲ ನಮಗೆ ಕೇಳಿಸುವುದು ಒಳಕಿವಿಯ ರೋಮಕೋಶಗಳಿಂದ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯದಲ್ಲಿ, ಒಂದು ಕಿವಿಗೆ ಸುಮಾರು 15,000 ರೋಮಕೋಶಗಳಿವೆ. ಪ್ರತಿ ಕೋಶದ ತುದಿಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳ ಗೊಂಚಲು ಇರುತ್ತದೆ. ಶಬ್ದದ ಅಲೆಗೆ ಅದು ಬಾಗಿದಾಗ ಅಯಾನುಗಳು ಕೋಶದೊಳಗೆ ನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಒಳಸಾಲಿನ ಸುಮಾರು 3,500 ಕೋಶಗಳು ಅದನ್ನು ನರದ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. ಹೊರಸಾಲುಗಳ ಕೋಶಗಳು ಸಣ್ಣ ಶಬ್ದವನ್ನು ವರ್ಧಿಸುತ್ತವೆ.

ಚರ್ಮದ ಕೋಶದಲ್ಲೂ ರೋಮಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಲ್ಯಾಕ್ ಓಪೆರಾನ್ ಪಾಠವನ್ನು ನೆನಪಿಸಿಕೊಳ್ಳಿ. ಲ್ಯಾಕ್ಟೋಸ್ ಇದ್ದಾಗ ಮಾತ್ರ ಬ್ಯಾಕ್ಟೀರಿಯಾ ಆ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ನಮ್ಮ ಕೋಶಗಳಲ್ಲೂ ಯಾವ ವಂಶವಾಹಿ ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂಬ ನಿಯಂತ್ರಣವಿದೆ.

ಭ್ರೂಣದ ಕಿವಿಯಲ್ಲಿ ಈ ಕೆಲಸದ ಮುಖ್ಯಸ್ಥ ಅಟೋ1 ಎಂಬ ವಂಶವಾಹಿ. ಅದಿಲ್ಲದ ಇಲಿಗಳಲ್ಲಿ ರೋಮಕೋಶಗಳೇ ಹುಟ್ಟುವುದಿಲ್ಲವೆಂದು 1999ರಲ್ಲಿ ತಿಳಿದುಬಂತು. ರೋಮಕೋಶವಾಗಲು ಹೊರಟ ಕೋಶವು ನಾಚ್ ಎಂಬ ಸಂಕೇತದ ಮೂಲಕ ಪಕ್ಕದ ಕೋಶದ ಅಟೋ1 ಅನ್ನು ತಡೆಯುತ್ತದೆ. ಆ ಪಕ್ಕದ ಕೋಶ ಆಧಾರಕೋಶವಾಗುತ್ತದೆ. ಹೀಗೆ ಎರಡೂ ಬಗೆಯ ಕೋಶಗಳು ಅಚ್ಚುಕಟ್ಟಾಗಿ ಸಾಲುಗಟ್ಟುತ್ತವೆ. ಒಳಕಿವಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ನಮಗೆ ಹತ್ತಿರದ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ರಾಜ್ ಲಾಧರ್ ಅವರ ಪ್ರಯೋಗಾಲಯ ಅಧ್ಯಯನ ಮಾಡುತ್ತಿದೆ.

ಕೋಳಿಯ ಕಿವಿಯಲ್ಲಿ ರೋಮಕೋಶ ಸತ್ತರೆ ಆಧಾರಕೋಶಗಳು ವಿಭಜಿಸಿ ಹೊಸದನ್ನು ಕೊಡುತ್ತವೆ. ಹಕ್ಕಿಗಳ ಈ ಶಕ್ತಿಯನ್ನು 1988ರಲ್ಲಿ ವಿಜ್ಞಾನಿಗಳು ತೋರಿಸಿದರು. ಮನುಷ್ಯನ ಕಾಕ್ಲಿಯದಲ್ಲಿ ಹಾಗಾಗುವುದಿಲ್ಲ. ಹುಟ್ಟುವ ಮೊದಲೇ ಬಂದ ಕೋಶಗಳೇ ಜೀವನಪೂರ್ತಿ ಇರಬೇಕು.

ಹುಟ್ಟು ಕಿವುಡುತನದಲ್ಲಿ ಹೆಚ್ಚುಕಡಿಮೆ ಅರ್ಧ ವಂಶವಾಹಿ ದೋಷದಿಂದ ಬರುತ್ತದೆ. ಆಧಾರಕೋಶಗಳಲ್ಲಿ ಕೆಲಸ ಮಾಡುವ ಜಿಜೆಬಿ2 ವಂಶವಾಹಿಯ ದೋಷ ಭಾರತದಲ್ಲೂ ಸಾಮಾನ್ಯ. ಅದು ಬಹುತೇಕ ಅಪ್ರಬಲ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು. ಇಂಥ ಮಗು ಹುಟ್ಟಿದಾಗ ತಾಯಿಯನ್ನೇ ದೂರುವವರಿಗೆ ಈ ಲೆಕ್ಕವನ್ನು ನೀವು ವಿವರಿಸಬೇಕು.

ನಾವು ಮಾಡಬೇಕಾದದ್ದು ಎರಡು. ಮನೆಯಲ್ಲಿ ಕೂಸು ಹುಟ್ಟಿದರೆ ಬೇಗನೆ ಶ್ರವಣ ಪರೀಕ್ಷೆ ಮಾಡಿಸಿ. ಪರೀಕ್ಷೆ ನೋವಿಲ್ಲದ್ದು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಹೆಸರಾದದ್ದು. ಎರಡನೆಯದು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವವರು ಇಯರ್‌ಫೋನ್ ಸದ್ದು ತಗ್ಗಿಸಿ. 85 ಡೆಸಿಬೆಲ್ ಸದ್ದನ್ನು 8 ಗಂಟೆ ತಾಳಬಹುದೆಂದರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ ಮಾತ್ರ.

ಯೋಚಿಸಿ: ಅಟೋ1 ಅನ್ನು ಮತ್ತೆ ಚಾಲೂ ಮಾಡಿದರಷ್ಟೇ ಕೇಳುವ ಶಕ್ತಿ ಮರಳೀತೇ? ಹೊಸ ಕೋಶಕ್ಕೆ ಇನ್ನೇನು ಬೇಕು? ಉತ್ತರ ಬರೆದು ಜೀವಶಾಸ್ತ್ರ ಉಪನ್ಯಾಸಕರಿಗೆ ತೋರಿಸಿ.