ವಿಮಾನದ ಇಂಧನವೂ ಬೀದರ ಸೀಮೆಯ ಬೇಸಾಯವೂ

ಬೀದರ ನಗರದ ಮೇಲೆ ವಿಮಾನವು ಹಾರುವುದು ಈ ಸೀಮೆಯ ಜನರಿಗೆ ಹೊಸ ನೋಟವಲ್ಲ. ವಾಯುಪಡೆಯ ತರಬೇತಿ ಕೇಂದ್ರವು ಇಲ್ಲಿ ಬಹುಕಾಲದಿಂದ ಇರುವುದು. ೨೦೨೦ನೆಯ ಇಸವಿ ಫೆಬ್ರವರಿಯಲ್ಲಿ ಬೆಂಗಳೂರಿಗೆ ಪ್ರಯಾಣಿಕರ ವಿಮಾನವೂ ಮೊದಲಾಯಿತು. ಆದರೆ ವಿಮಾನದ ಇಂಧನಕ್ಕೂ ಕೆಳಗಿನ ಹೊಲಗಳಿಗೂ ಸಂಬಂಧವುಂಟಾಗಬಹುದೆಂಬುದು ಈಚಿನ ಮಾತು. ಆ ಸಂಬಂಧದಿಂದ ರೈತನಿಗೆ ಲಾಭವಾಗುವುದೋ ನಷ್ಟವಾಗುವುದೋ ಎಂಬುದು, ಅವನು ಅದಕ್ಕಾಗಿ ಯಾವ ಭೂಮಿಯನ್ನು, ಎಷ್ಟು ನೀರನ್ನು ಕೊಡುವನೆಂಬುದರ ಮೇಲೆ ನಿಂತಿದೆ. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ಮೊದಲೇ ತಿಳಿದಿರುವುದು ಹಿತಕರ.

ಇಂಧನದ ಸ್ವರೂಪ

ವಿಮಾನಕ್ಕೆ ಈಗ ಬಳಸುವ ಇಂಧನವು ಭೂಗರ್ಭದ ಕಚ್ಚಾತೈಲದಿಂದ ಬಂದದ್ದು. ಅದನ್ನು ಸುಟ್ಟಾಗ ಎಷ್ಟೋ ಯುಗಗಳಿಂದ ನೆಲದೊಳಗೆ ಅಡಗಿದ್ದ ಇಂಗಾಲವು ವಾಯುಮಂಡಲವನ್ನು ಸೇರಿ, ಭೂಮಿಯ ಉಷ್ಣವನ್ನು ಹೆಚ್ಚಿಸುವುದು. ಗಿಡಮರಗಳಿಂದ ತೆಗೆದ ಇಂಧನವಾದರೋ, ಆ ಗಿಡವು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವನ್ನೇ ಹಿಂದಕ್ಕೆ ಕೊಡುವುದು. ನೆಲದ ಮೇಲಿನ ವಾಹನಗಳನ್ನು ವಿದ್ಯುತ್ತಿನಿಂದ ನಡೆಸಬಹುದು; ದೂರ ಹಾರುವ ದೊಡ್ಡ ವಿಮಾನಕ್ಕೆ ಬ್ಯಾಟರಿಯ ಭಾರವು ತಡೆಯಲಾರದಷ್ಟಾಗುವುದು. ಆದುದರಿಂದಲೇ ಬೇರೆ ದ್ರವ ಇಂಧನಕ್ಕಾಗಿ ಅನೇಕ ದೇಶಗಳು ಯತ್ನಿಸುತ್ತಿವೆ.

ಗಾಣದ ಎಣ್ಣೆಯನ್ನು ಹಾಗೆಯೇ ವಿಮಾನಕ್ಕೆ ತುಂಬಲಾಗದು. ಮೇಲಿನ ಆಕಾಶದ ಶೀತದಲ್ಲಿ ಅದು ಗಟ್ಟಿಯಾಗುವುದು. ವಿಮಾನದ ಇಂಧನವಾದರೆ ಸೊನ್ನೆಗಿಂತ ೪೭ ಡಿಗ್ರಿ ಕೆಳಗಾದರೂ ಹೆಪ್ಪುಗಟ್ಟಬಾರದು. ಆದ್ದರಿಂದ ಎಣ್ಣೆಗೆ ಜಲಜನಕವನ್ನು ಸೇರಿಸಿ, ಅದರಲ್ಲಿರುವ ಆಮ್ಲಜನಕವನ್ನು ತೆಗೆದು, ಕಾರ್ಖಾನೆಯಲ್ಲಿ ರೂಪಾಂತರಿಸಬೇಕು. ಹೀಗೆ ಸಿದ್ಧವಾದುದನ್ನು ಸಾಮಾನ್ಯ ಇಂಧನದೊಡನೆ ಅರ್ಧದವರೆಗೆ ಬೆರೆಸಲು ಅಂತರರಾಷ್ಟ್ರೀಯ ನಿಯಮವು ಒಪ್ಪುತ್ತದೆ.

ದೇಶದಲ್ಲಿ ನಡೆದ ಪ್ರಯತ್ನಗಳು

೨೦೧೮ನೆಯ ಆಗಸ್ಟ್ ೨೭ರಂದು ಡೆಹರಾಡೂನಿನಿಂದ ದೆಹಲಿಗೆ ಒಂದು ವಿಮಾನವು ನೂರಕ್ಕೆ ೨೫ ಪಾಲು ಜೈವಿಕ ಇಂಧನವನ್ನು ಬೆರೆಸಿಕೊಂಡು ಹಾರಿತು. ಆ ಇಂಧನವನ್ನು ಜತ್ರೋಫಾ, ಅಂದರೆ ಕಾಡುಹರಳಿನ ಎಣ್ಣೆಯಿಂದ ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯು ತಯಾರಿಸಿತ್ತು. ೨೦೧೯ರ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ವಿಮಾನವೊಂದು ನೂರಕ್ಕೆ ೧೦ ಪಾಲು ಬೆರಕೆಯಿಂದ ಹಾರಿತು. ೨೦೨೩ರ ಮೇ ತಿಂಗಳಲ್ಲಿ ಪುಣೆಯಿಂದ ದೆಹಲಿಗೆ ಹೋದ ಪ್ರಯಾಣಿಕರ ವಿಮಾನದಲ್ಲಿ ದೇಶದಲ್ಲಿಯೇ ತಯಾರಾದ ಇಂಧನವನ್ನು ಅಲ್ಪ ಪ್ರಮಾಣದಲ್ಲಿ ಬಳಸಲಾಯಿತು. ಅದೇ ವರ್ಷದ ಕೊನೆಯಲ್ಲಿ ಕೇಂದ್ರ ಸರ್ಕಾರವು ವಿದೇಶಕ್ಕೆ ಹಾರುವ ವಿಮಾನಗಳಿಗೆ ೨೦೨೭ರಲ್ಲಿ ನೂರಕ್ಕೆ ೧, ೨೦೨೮ರಲ್ಲಿ ೨ ಪಾಲು ಬೆರಕೆಯ ಗುರಿಯನ್ನು ಗೊತ್ತುಮಾಡಿತು.

ಗುರಿಯು ಚಿಕ್ಕದಾಗಿ ಕಂಡರೂ ಕಚ್ಚಾ ಪದಾರ್ಥವನ್ನು ಹುಡುಕುವವರು ಹಳ್ಳಿಗೆ ಬಂದೇ ಬರುವರು. ಆಗ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದನ್ನು ತಾಲ್ಲೂಕುವಾರಾಗಿ ವಿಚಾರಿಸತಕ್ಕದ್ದು.

ಭಾಲ್ಕಿಯ ಕಬ್ಬು

ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯವೂ ಹುಣಜಿಯ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇರುವುದರಿಂದ ಕಬ್ಬಿನ ಬೇಸಾಯವು ಬೇರೂರಿದೆ. ಕಬ್ಬಿನಿಂದ ಎಥನಾಲ್ ಎಂಬ ಮದ್ಯಸಾರವನ್ನು ತೆಗೆದು, ಅದನ್ನು ವಿಮಾನದ ಇಂಧನವಾಗಿ ಮಾರ್ಪಡಿಸುವ ವಿಧಾನವುಂಟು. ಆದರೆ ಮಾರ್ಪಾಡಿನಲ್ಲಿ ತೂಕವು ಬಹಳ ಇಳಿಯುವುದು. ಒಂದು ಟನ್ನು ಇಂಧನಕ್ಕೆ ಕಡಮೆಯೆಂದರೂ ಸುಮಾರು ೨,೦೦೦ ಲೀಟರು ಮದ್ಯಸಾರ ಬೇಕು. ಒಂದು ಟನ್ನು ಕಬ್ಬಿನ ರಸದಿಂದ ಸುಮಾರು ೭೦ ಲೀಟರು ಸಿಕ್ಕುವುದೆಂದು ಎಣಿಸಿದರೆ, ೩೦ ಟನ್ನು ಕಬ್ಬನ್ನು ಇದಕ್ಕೇ ಅರೆಯಬೇಕಾಯಿತು. ಇದು ಹೆಚ್ಚುಕಡಮೆ ಒಂದು ಎಕರೆಯ ಇಡೀ ವರ್ಷದ ಬೆಳೆ.

ಕಬ್ಬಿಗೆ ವರ್ಷದಲ್ಲಿ ೧,೫೦೦ ಮಿಲಿಮೀಟರಿಗೂ ಮೇಲ್ಪಟ್ಟು ನೀರು ಬೇಕು. ಬೀದರ ಜಿಲ್ಲೆಯ ಮಳೆಯು ಅದಕ್ಕಿಂತ ಬಹಳ ಕಡಮೆ. ಕೊರತೆಯನ್ನೆಲ್ಲ ಕಾಲುವೆಯೂ ಕೊಳವೆಬಾವಿಯೂ ತುಂಬಬೇಕು. ೨೦೧೬ರಲ್ಲಿ ನೆರೆಯ ಲಾತೂರು ನಗರಕ್ಕೆ ಕುಡಿಯುವ ನೀರನ್ನು ರೈಲಿನಲ್ಲಿ ತರಬೇಕಾಯಿತೆಂಬುದನ್ನು ಮಾಂಜ್ರಾ ನದಿಯ ಈ ದಂಡೆಯವರು ಮರೆಯಲಾರರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ಮಾಡುವುದಕ್ಕೆ ಹೊಸದಾಗಿ ಬೇಸಾಯದ ನೀರಾಗಲಿ ಭೂಮಿಯಾಗಲಿ ಬೇಡ. ಅದು ಯೋಗ್ಯವಾದ ಮಾರ್ಗ. ವಿಮಾನದ ಹೆಸರಿನಲ್ಲಿ ಕಬ್ಬಿನ ವಿಸ್ತೀರ್ಣವನ್ನು ಹೆಚ್ಚಿಸುವುದು ಮಾತ್ರ ಅವಿವೇಕ.

ಔರಾದಿನ ಒಣಭೂಮಿ

ಔರಾದ ತಾಲ್ಲೂಕಿನ ಕಪ್ಪು ನೆಲದಲ್ಲಿ ಸೋಯಾ, ತೊಗರಿ, ಉದ್ದು, ಹೆಸರು, ಕಡಲೆ ಇವು ಮುಖ್ಯ ಬೆಳೆಗಳು. ಇವು ಜನರಿಗೆ ಆಹಾರ, ಭೂಮಿಗೆ ಸಾರ. ಇವನ್ನು ಕಿತ್ತು ಎಣ್ಣೆಗಿಡಗಳನ್ನು ಹಾಕತಕ್ಕದ್ದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಜತ್ರೋಫಾವು ಬಂಜರಿನಲ್ಲಿಯೂ ಬಂಗಾರ ಕೊಡುವುದೆಂಬ ಪ್ರಚಾರವು ದೇಶದ ತುಂಬ ಹಬ್ಬಿತ್ತು. ನೀರೂ ಗೊಬ್ಬರವೂ ಇಲ್ಲದ ಕಡೆ ಅದು ಬದುಕಿತೇ ಹೊರತು ನಿರೀಕ್ಷಿಸಿದಷ್ಟು ಬೀಜ ಕೊಡಲಿಲ್ಲ. ನೆಟ್ಟವರಲ್ಲಿ ಅನೇಕರು ಕಿತ್ತುಹಾಕಿದರು.

ಹೊಂಗೆಯ ಸಂಗತಿಯು ಬೇರೆ. ಮರಾಠಿಯಲ್ಲಿ ಕರಂಜವೆಂದು ಕರೆಯುವ ಈ ಮರವು ನಾಡಿನದೇ. ಬದುವಿನಲ್ಲಿ, ಹಳ್ಳದ ದಡದಲ್ಲಿ, ದಾರಿಯ ಮಗ್ಗುಲಲ್ಲಿ ಅದು ಬೆಳೆಯುವುದು. ನೆಟ್ಟ ಐದಾರು ವರ್ಷಗಳ ಮೇಲೆ ಕಾಯಿ ಬಿಡಲಾರಂಭಿಸುವುದು. ನೂರು ಕಿಲೋ ಬೀಜದಲ್ಲಿ ಸುಮಾರು ೨೫ರಿಂದ ೩೦ ಕಿಲೋ ಎಣ್ಣೆಯುಂಟು. ಉಳಿದ ಹಿಂಡಿಯು ಉತ್ತಮ ಗೊಬ್ಬರ, ಆದರೆ ದನಗಳಿಗೆ ತಿನ್ನಿಸಬಾರದು. ಒಂದು ಟನ್ನು ವಿಮಾನ ಇಂಧನಕ್ಕೆ ನಾಲ್ಕೈದು ಟನ್ನು ಬೀಜ ಬೇಕಾಗುವುದು. ಮರಕ್ಕೆ ಹತ್ತು ಕಿಲೋದಂತೆ ಎಣಿಸಿದರೂ ಇದು ನಾನೂರು, ಐನೂರು ಮರಗಳ ಫಲ. ಒಬ್ಬ ರೈತನಿಗೆ ಇದು ಸಾಧ್ಯವಲ್ಲ. ಇಡೀ ಗ್ರಾಮದ ಬದುಗಳು ಕೂಡಿದರೆ ಅಸಾಧ್ಯವಲ್ಲ. ಹಾಸನ ಜಿಲ್ಲೆಯ ಮಡೆನೂರಿನ ಜೈವಿಕ ಇಂಧನ ಉದ್ಯಾನವು ಅಲ್ಲಿನ ರೈತರಿಗೆ ಬದುವಿನ ನಾಟಿಯನ್ನೇ ಬೋಧಿಸಿತು. ವಿಮಾನದವರು ಕೊಳ್ಳದೆ ಹೋದರೂ ಎಣ್ಣೆಗೆ ಸಾಬೂನಿನಲ್ಲಿ ಉಪಯೋಗವಿದೆ, ಹಿಂಡಿಯು ಹೊಲಕ್ಕೇ ಸಲ್ಲುವುದು. ಹೊಂಗೆಯ ಹೆಚ್ಚಳವು ಇರುವುದು ಇದರಲ್ಲಿಯೇ.

ಬೀದರ ನಗರದ ಕರಿದ ಎಣ್ಣೆ

ನಗರದ ಖಾನಾವಳಿಗಳಲ್ಲಿಯೂ ಮದುವೆ ಜಾತ್ರೆಗಳಲ್ಲಿಯೂ ಭಜಿ, ಪೂರಿ ಕರಿದು ಮಿಕ್ಕ ಎಣ್ಣೆಯು ವಿಮಾನ ಇಂಧನಕ್ಕೆ ಬಹಳ ಬೇಡಿಕೆಯ ಪದಾರ್ಥ. ಅದನ್ನು ಪದೇ ಪದೇ ಕಾಯಿಸಿ ತಿನ್ನುವುದು ಆರೋಗ್ಯಕ್ಕೆ ಹಾನಿ. ಚರಂಡಿಗೆ ಸುರಿಯುವುದು ಇನ್ನೊಂದು ಕೇಡು. ಪ್ರತ್ಯೇಕ ಡಬ್ಬಿಯಲ್ಲಿ ಶೇಖರಿಸಿ ಅಧಿಕೃತ ಸಂಗ್ರಾಹಕರಿಗೆ ಮಾರಿದರೆ ಎರಡೂ ತಪ್ಪುವುವು.

ಗ್ರಾಮದ ಮುಖಂಡರು ನಡೆಸತಕ್ಕ ಕಾರ್ಯಗಳು

೧. ಕಾಳುಬೆಳೆಯ ಹೊಲವನ್ನೂ ದನಗಳ ಗೋಮಾಳವನ್ನೂ ಇಂಧನದ ಗಿಡಗಳಿಗೆ ಬಿಡಕೂಡದು.

೨. ಮುಂಗಾರಿನ ಆರಂಭದಲ್ಲಿ ಹೊಂಗೆಯ ಸಸಿಗಳನ್ನು ಬದುವಿನಲ್ಲಿ ಐದಾರು ಮೀಟರು ಅಂತರಕ್ಕೆ ನೆಡಿಸತಕ್ಕದ್ದು. ಬೆಳೆಯ ಮೇಲೆ ನೆರಳು ಹೆಚ್ಚದಂತೆ ಕೊಂಬೆಗಳನ್ನು ಸವರುತ್ತಿರಬೇಕು.

೩. ಬೇಸಗೆಯಲ್ಲಿ ಕಾಯಿಗಳನ್ನು ಆಯಿಸಿ, ಒಣಗಿಸಿ, ಗ್ರಾಮದ ಸಹಕಾರ ಸಂಘದ ಮೂಲಕ ಒಟ್ಟಾಗಿ ಮಾರತಕ್ಕದ್ದು.

೪. ಭೂಮಿಯ ಸರ್ವೆ ನಂಬರು, ಹಿಂದಿನ ಉಪಯೋಗ, ಬೀಜದ ತೂಕ ಇವುಗಳಿಗೆ ಒಂದು ಪುಸ್ತಕವನ್ನಿಡಬೇಕು. ೨೦೦೮ನೆಯ ಜನವರಿ ೧ರ ತರುವಾಯ ಸಹಜಾರಣ್ಯವನ್ನೋ ಜೌಗು ಪ್ರದೇಶವನ್ನೋ ಕಡಿದು ಮಾಡಿದ ಭೂಮಿಯ ಫಲವನ್ನು ಅಂತರರಾಷ್ಟ್ರೀಯ ವಿಮಾನ ನಿಯಮವು ಒಪ್ಪುವುದಿಲ್ಲ. ದಾಖಲೆಯಿಲ್ಲದ ಮಾಲಿಗೆ ಬೆಲೆಯು ದೊರೆಯಲಾರದು.

೫. ಕೊಳ್ಳುವವರು ಬಂದಾಗ ಬೆಲೆ, ತೂಕ, ಅವಧಿ ಇವುಗಳನ್ನು ಬರೆಹದಲ್ಲಿ ಪಡೆಯದೆ ಒಂದು ಎಕರೆಯನ್ನೂ ಒಪ್ಪಿಸಬಾರದು. ಸಂದೇಹವಿದ್ದರೆ ಬೀದರ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳತಕ್ಕದ್ದು.

ಆಕಾಶದ ವಾಹನಕ್ಕೆ ಹಳ್ಳಿಯು ತನ್ನಲ್ಲಿ ಮಿಕ್ಕುದನ್ನು ಕೊಡಬಹುದು: ಬದುವಿನ ಬೀಜ, ಕಾರ್ಖಾನೆಯ ಕಾಕಂಬಿ, ಕರಿದುಳಿದ ಎಣ್ಣೆ. ಬಾವಿಯ ನೀರನ್ನೂ ಬೇಳೆಯ ಹೊಲವನ್ನೂ ಕೊಟ್ಟರೆ ಮರಳಿ ಪಡೆಯುವುದು ಕಷ್ಟ. ಈ ವಿವೇಕವನ್ನು ಮುಖಂಡರು ಮೊದಲು ತಮ್ಮ ಜಮೀನಿನಲ್ಲಿ ಆಚರಿಸಿ ತೋರಿಸಿದರೆ ಉಳಿದ ರೈತರು ತಾವಾಗಿಯೇ ಅನುಸರಿಸುವರು.