ಕೈಯ ಶಸ್ತ್ರಚಿಕಿತ್ಸೆ: ಬಿಗಿಪಟ್ಟಿಯೂ ರೋಗಿಯ ನೋವೂ

ಶಸ್ತ್ರಚಿಕಿತ್ಸೆಯ ನೋವು ಎಂದೊಡನೆ ಚರ್ಮವನ್ನು ಕೊಯ್ಯುವ ನೋವೊಂದೇ ಸಾಮಾನ್ಯವಾಗಿ ಜನರ ಮನಸ್ಸಿಗೆ ಬರುತ್ತದೆ. ಆದರೆ ಬೆರಳು, ಅಂಗೈ ಅಥವಾ ಮಣಿಕಟ್ಟಿನ ಶಸ್ತ್ರಚಿಕಿತ್ಸೆಗೆ ಎಚ್ಚರದಲ್ಲಿದ್ದುಕೊಂಡೇ ಒಳಗಾದ ಅನೇಕರು ಹೊರಬಂದ ಮೇಲೆ ಹೇಳುವ ಮಾತು ಬೇರೆ. ಕೊಯ್ದದ್ದು ತಿಳಿಯಲೇ ಇಲ್ಲ, ತೋಳಿಗೆ ಕಟ್ಟಿದ ಪಟ್ಟಿಯನ್ನು ಮಾತ್ರ ತಾಳಲಾಗಲಿಲ್ಲ ಎಂದು ಅವರು ಹೇಳುತ್ತಾರೆ. ವೈದ್ಯರು ಟೂರ್ನಿಕೆಟ್ ಎಂದು ಕರೆಯುವ ಈ ಬಿಗಿಪಟ್ಟಿಯ ಉದ್ದೇಶವೇನು, ಅದರಿಂದ ನೋವೇಕೆ ಉಂಟಾಗುತ್ತದೆ, ಆ ನೋವನ್ನು ರೋಗಿಯು ಯಾರಿಗೆ ಹೇಗೆ ತಿಳಿಸಬೇಕು ಎಂಬುದನ್ನು ಮುಂಚಿತವಾಗಿ ಅರಿತಿದ್ದರೆ ಭಯವು ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಹೈದರಾಬಾದಿನ ಕ್ಲೋರೋಫಾರಂ ಆಯೋಗಗಳು

ಶಸ್ತ್ರಚಿಕಿತ್ಸೆಯ ನೋವನ್ನು ಅಪಾಯವಿಲ್ಲದೆ ನಿವಾರಿಸುವ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯಲೋಕದ ಗಮನವನ್ನು ಹೈದರಾಬಾದಿನತ್ತ ಸೆಳೆದಿತ್ತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಅಂದು ಈ ನಗರವೇ ರಾಜಧಾನಿಯಾಗಿದ್ದ ನಿಜಾಮ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿನ ರೆಸಿಡೆನ್ಸಿಯ ಶಸ್ತ್ರವೈದ್ಯರಾಗಿದ್ದ ಎಡ್ವರ್ಡ್ ಲಾರಿ ಅವರ ಪ್ರೇರಣೆಯಿಂದ 1888ರಲ್ಲಿ ಕ್ಲೋರೋಫಾರಂ ಕುರಿತ ಮೊದಲ ಆಯೋಗವೂ 1889ರಲ್ಲಿ ಎರಡನೆಯ ಆಯೋಗವೂ ಕೆಲಸ ಮಾಡಿದವು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರು ಧನಸಹಾಯ ನೀಡಿದರು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಆಗಮಿಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಕ್ಲೋರೋಫಾರಂನಿಂದ ಮೊದಲು ಉಸಿರು ನಿಲ್ಲುತ್ತದೆ, ಹೃದಯವು ಆನಂತರ ನಿಲ್ಲುತ್ತದೆ, ಆದುದರಿಂದ ಉಸಿರಾಟವನ್ನು ಎಡೆಬಿಡದೆ ಗಮನಿಸಿದರೆ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬರಲಾಯಿತು.

ಈ ತೀರ್ಮಾನವು ಪೂರ್ಣ ಸರಿಯಾಗಿರಲಿಲ್ಲ. ಅರೆಬರೆ ಕ್ಲೋರೋಫಾರಂ ಸ್ಥಿತಿಯಲ್ಲಿ ಅಡ್ರಿನಲಿನ್ ಎಂಬ ದ್ರವ್ಯವು ಸೇರಿದರೆ ಹೃದಯವು ಒಮ್ಮೆಲೇ ಲಯ ತಪ್ಪಿ ನಿಲ್ಲಬಹುದೆಂಬುದನ್ನು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಆದರೆ ಮದ್ದು ಕೊಡುವವರ ದೃಷ್ಟಿ ಶಸ್ತ್ರದ ಮೇಲಲ್ಲ, ರೋಗಿಯ ಮೇಲೆ ಇರಬೇಕೆಂಬ ಹೈದರಾಬಾದಿನ ಪಾಠವು ಇಂದಿಗೂ ಉಳಿದುಬಂದಿದೆ. ಅದೇ ಕಾಲದಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯಲ್ಲಿ ಶಿಕ್ಷಣ ಪಡೆದ ಪಾರ್ಸಿ ಮಹಿಳೆ ರೂಪಾಬಾಯಿ ಫರ್ದೂನ್‌ಜಿ ಅವರು ಅರಿವಳಿಕೆ ನೀಡುವ ಕಾರ್ಯದಲ್ಲಿ ಪರಿಣತರಾದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂಬ ಗೌರವವು ಅವರಿಗೆ ಸಲ್ಲುತ್ತಿದೆ.

ಕ್ಲೋರೋಫಾರಂನಿಂದ ಮೈಮರೆತ ರೋಗಿಯು ತನ್ನ ತೋಳು ಹಿಂಡುತ್ತಿದೆಯೆಂದು ಹೇಳುವಂತಿರಲಿಲ್ಲ. ಮೂಸಿ ನದಿಯ ಮಹಾಪೂರದಲ್ಲಿ ಹೈದರಾಬಾದಿನ ಅಫ್ಜಲ್‌ಗಂಜ್ ಆಸ್ಪತ್ರೆಯು ನಾಶವಾದ 1908ರಲ್ಲಿಯೇ, ಜರ್ಮನಿಯ ಆಗಸ್ಟ್ ಬೀರ್ ಎಂಬ ಶಸ್ತ್ರವೈದ್ಯರು ಬಿಗಿಪಟ್ಟಿಯ ಕೆಳಗಿನ ರಕ್ತನಾಳಕ್ಕೆ ಮದ್ದನ್ನು ಸೇರಿಸಿ ಕೈಯನ್ನಷ್ಟೇ ಮರಗಟ್ಟಿಸುವ ವಿಧಾನವನ್ನು ಪ್ರಕಟಿಸಿದರು. ಇಂತಹ ವಿಧಾನಗಳು ಬಂದ ಮೇಲೆ ರೋಗಿಯು ಎಚ್ಚರವಾಗಿದ್ದು ಮಾತನಾಡಬಲ್ಲವನಾದನು. ಬಿಗಿಪಟ್ಟಿಯ ನೋವು ವೈದ್ಯರ ಕಿವಿಗೆ ಬಿದ್ದುದು ಆಗಲೇ.

ಬಿಗಿಪಟ್ಟಿ ಏಕೆ ಬೇಕು?

ಅಂಗೈಯ ಇಕ್ಕಟ್ಟಾದ ಜಾಗದಲ್ಲಿ ನರಗಳು, ರಕ್ತನಾಳಗಳು ಹಾಗೂ ಬೆರಳುಗಳನ್ನು ಆಡಿಸುವ ಸ್ನಾಯುರಜ್ಜುಗಳು ಒತ್ತೊತ್ತಾಗಿ ಸಾಗುತ್ತವೆ. ರಕ್ತವು ಒಸರುತ್ತಿರುವಾಗ ಇವುಗಳನ್ನು ಬೇರ್ಪಡಿಸಿ ಹೊಲಿಯುವುದು ಕೆಂಪು ಕೆಸರಿನೊಳಗೆ ಕೈಯಿಟ್ಟು ಹರಿದ ದಾರವನ್ನು ಹುಡುಕಿ ಗಂಟುಹಾಕಿದಂತೆ. ಆದುದರಿಂದ ಕೈಯನ್ನು ಮೇಲೆತ್ತಿ ಅಥವಾ ರಬ್ಬರ್ ಪಟ್ಟಿಯನ್ನು ಸುತ್ತಿ ರಕ್ತವನ್ನು ಹಿಂದಕ್ಕೆ ಸರಿಸಿ, ಮೇಲ್ದೋಳಿನ ಪಟ್ಟಿಯಲ್ಲಿ ಗಾಳಿ ತುಂಬಲಾಗುತ್ತದೆ. ಹಿಂದೆ ಬರಿಯ ರಬ್ಬರ್ ಪಟ್ಟಿಯನ್ನೇ ಬಿಗಿಯುತ್ತಿದ್ದರು; ಒತ್ತಡವೆಷ್ಟೆಂದು ತಿಳಿಯುವ ಉಪಾಯವಿರಲಿಲ್ಲ, ನರಗಳು ಜಖಂಗೊಂಡು ಕೈ ಸೋಲುವುದುಂಟು. ಇದನ್ನು ತಪ್ಪಿಸಲು ಅಮೆರಿಕದ ಹಾರ್ವೆ ಕುಶಿಂಗ್ 1904ರಲ್ಲಿ ಗಾಳಿಪಟ್ಟಿಯನ್ನು ಬಳಕೆಗೆ ತಂದರು. ಇಂದು ವಯಸ್ಕರ ತೋಳಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಮೀಟರ್ ಪಾದರಸದಷ್ಟು ಒತ್ತಡವನ್ನು ಕೊಡಲಾಗುತ್ತದೆ. ಅಗಲವಾದ ಪಟ್ಟಿಗೆ ಕಡಿಮೆ ಒತ್ತಡವೇ ಸಾಕಾಗುತ್ತದೆ. ಎರಡು ಗಂಟೆಗಳನ್ನು ಸಾಮಾನ್ಯವಾಗಿ ಗರಿಷ್ಠ ಮಿತಿಯೆಂದು ಪರಿಗಣಿಸಲಾಗಿದೆ.

ನೋವು ಹೇಗೆ ಬರುತ್ತದೆ?

ಪಟ್ಟಿ ಬಿಗಿದ ಕ್ಷಣದ ಹಿಂಡುವಿಕೆಯನ್ನು ಹೆಚ್ಚಿನವರು ತಾಳಿಕೊಳ್ಳುತ್ತಾರೆ. ತೋಳನ್ನು ಮರಗಟ್ಟಿಸದೆ ಅಂಗೈಗೆ ಮಾತ್ರ ಮದ್ದು ಚುಚ್ಚಿದ್ದಲ್ಲಿ ಸುಮಾರು ಇಪ್ಪತ್ತು ನಿಮಿಷಗಳಾಗುವ ಹೊತ್ತಿಗೆ ಅದು ಅಸಹನೀಯವಾಗತೊಡಗುತ್ತದೆ. ಇಡೀ ತೋಳಿನ ನರಗಳಿಗೆ ಮದ್ದು ನೀಡಿದ್ದರೂ, ಅರ್ಧ ಗಂಟೆಯಿಂದ ಒಂದು ಗಂಟೆಯ ನಡುವೆ ಆಳದಿಂದ ಉರಿಯುವ, ಜಗ್ಗುವ, ಇಂತಹುದೇ ಸ್ಥಳವೆಂದು ಬೊಟ್ಟುಮಾಡಲಾಗದ ನೋವು ಕೆಲವರಲ್ಲಿ ಮೇಲೇಳುತ್ತದೆ. ನಾಡಿಬಡಿತವೂ ರಕ್ತದೊತ್ತಡವೂ ಏರುತ್ತವೆ. ಸಂಪೂರ್ಣ ಅರಿವಳಿಕೆಯಲ್ಲಿರುವವರಲ್ಲಿಯೂ ರಕ್ತದೊತ್ತಡವು ಹೀಗೆ ಏರುವುದರಿಂದ, ಇದು ರೋಗಿಯ ಪುಕ್ಕಲುತನವಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ ಹೀಗಿದೆ. ನರದೊಳಗೆ ಕೊಬ್ಬಿನ ಕವಚವುಳ್ಳ ದಪ್ಪ ತಂತುಗಳೂ ಕವಚವಿಲ್ಲದ ತೆಳು ತಂತುಗಳೂ ಇರುತ್ತವೆ. ತೆಳು ತಂತುಗಳು ಒಯ್ಯುವ ಮಂದವಾದ ನೋವನ್ನು ದಪ್ಪ ತಂತುಗಳ ಸಂದೇಶವು ಎಂದಿನಂತೆ ಅದುಮಿಡುತ್ತಿರುತ್ತದೆ. ಒತ್ತಡಕ್ಕೆ ಸಿಲುಕಿದಾಗ ದಪ್ಪ ತಂತುಗಳು ಮೊದಲು ಮೌನವಾಗುತ್ತವೆ. ತೆಳು ತಂತುಗಳು ತಡೆಯಿಲ್ಲದೆ ದೂರು ಹೇಳತೊಡಗುತ್ತವೆ.

ರೋಗಿಯು ಏನು ಮಾಡಬೇಕು?

ಹೇಳಬೇಕು. ಡಾಕ್ಟರರ ಕೆಲಸಕ್ಕೆ ಅಡ್ಡಿಯಾದೀತೆಂದು ಹಲ್ಲುಕಚ್ಚಿ ಮಲಗುವುದು ನಮ್ಮ ಜನರ ಸ್ವಭಾವ; ಇಲ್ಲಿ ಅದು ಹಿತವಲ್ಲ. ನೋವು ತಿಳಿದರೆ ಅರಿವಳಿಕೆ ತಜ್ಞರು ನೋವುನಿವಾರಕವನ್ನೋ ಮಂಪರಿನ ಮದ್ದನ್ನೋ ನೀಡಬಹುದು, ಅಥವಾ ಸಂಪೂರ್ಣ ಅರಿವಳಿಕೆಗೆ ಬದಲಾಯಿಸಬಹುದು. ಬೀರ್ ವಿಧಾನದಲ್ಲಿ ಎರಡು ಪಟ್ಟಿಗಳಿದ್ದರೆ ಆಗಲೇ ಮರಗಟ್ಟಿದ ಭಾಗದ ಮೇಲಿರುವ ಕೆಳಗಿನ ಪಟ್ಟಿಗೆ ಗಾಳಿ ತುಂಬಿ ಮೇಲಿನದನ್ನು ಸಡಿಲಿಸುತ್ತಾರೆ. ಆದರೆ ಈ ವಿಧಾನದಲ್ಲಿ ಮದ್ದು ನೀಡಿದ ಇಪ್ಪತ್ತು ನಿಮಿಷಗಳೊಳಗೆ ಎರಡನ್ನೂ ಬಿಚ್ಚಿದರೆ ಮದ್ದು ಒಮ್ಮೆಲೇ ರಕ್ತಕ್ಕೆ ನುಗ್ಗಿ ಮೆದುಳಿಗೂ ಹೃದಯಕ್ಕೂ ಅಪಾಯವಾಗಬಹುದು. ಬಿಚ್ಚಿರೆಂದು ಬೇಡಿದರೂ ವೈದ್ಯರು ಬಿಚ್ಚದಿರಲು ಇದು ಕಾರಣ, ನಿರ್ದಯೆಯಲ್ಲ.

ಗಡಿ ಜಿಲ್ಲೆಗಳಿಂದ ಹೈದರಾಬಾದಿಗೆ ಚಿಕಿತ್ಸೆಗೆ ಹೋಗುವ ಕನ್ನಡಿಗರಿಗೆ ಭಾಷೆಯ ತೊಡಕೂ ಉಂಟು. ನಮ್ಮ ನೋವು ತೆಲುಗಿನಲ್ಲಿ ನೊಪ್ಪಿ, ಉರ್ದುವಿನಲ್ಲಿ ದರ್ದ್. ಈ ಎರಡು ಪದಗಳನ್ನು ಬಲ್ಲವನು ಅರ್ಧ ದಾಟಿದಂತೆ. ಪರದೆಯ ಮರೆಯಲ್ಲಿ ಮಲಗಿದಾಗ ಇನ್ನೊಂದು ಕೈಯ ಬೆರಳನ್ನೆತ್ತಿ ಸೂಚಿಸುವ ಸಂಕೇತವನ್ನು ಮೊದಲೇ ಒಪ್ಪಿಕೊಂಡಿರುವುದು ಇನ್ನೂ ಲೇಸು.

ಡಯಾಲಿಸಿಸ್‌ಗಾಗಿ ಕೈಯಲ್ಲಿ ರಕ್ತನಾಳ ಜೋಡಿಸಿಕೊಂಡವರು, ಕುಡುಗೋಲು ಕಣ ರೋಗವುಳ್ಳವರು, ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡವರು ಈ ಸಂಗತಿಗಳನ್ನು ಕೇಳುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಪಟ್ಟಿಯಿಲ್ಲದ ವಿಧಾನ

ಲಿಡೊಕೇನ್ ಎಂಬ ಮರಗಟ್ಟಿಸುವ ಮದ್ದಿನೊಡನೆ ಅತ್ಯಲ್ಪ ಅಡ್ರಿನಲಿನ್ ಬೆರೆಸಿ ಚುಚ್ಚಿದರೆ ಆ ಜಾಗದ ರಕ್ತನಾಳಗಳು ತಾವಾಗಿ ಸಂಕುಚಿಸುತ್ತವೆ. ಸುಮಾರು ಅರ್ಧ ಗಂಟೆ ಕಾದರೆ ಪಟ್ಟಿಯೇ ಬೇಕಾಗದು. ಬೆರಳಿಗೆ ಅಡ್ರಿನಲಿನ್ ಚುಚ್ಚಿದರೆ ಬೆರಳು ಕೊಳೆಯುತ್ತದೆ ಎಂದು ದಶಕಗಳ ಕಾಲ ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತಿತ್ತು. ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ 3,110 ಪ್ರಕರಣಗಳಲ್ಲಿ ಒಂದು ಬೆರಳೂ ಹಾಗೆ ನಷ್ಟವಾಗಿರಲಿಲ್ಲ. ಈ ವಿಧಾನದಲ್ಲಿ ರೋಗಿಯು ಮೇಜಿನ ಮೇಲೆಯೇ ಬೆರಳನ್ನು ಮಡಿಚಿ ತೋರಿಸಬಹುದಾದ್ದರಿಂದ ಹೊಲಿದ ಸ್ನಾಯುರಜ್ಜು ಸರಿಯಾಗಿ ಜಾರುವುದೇ ಎಂಬುದನ್ನು ಅಲ್ಲಿಯೇ ಪರೀಕ್ಷಿಸಬಹುದು. ಬೆರಳುಗಳಲ್ಲಿ ರಕ್ತಸಂಚಾರ ಕುಂದಿದವರಿಗೂ ಚಿಕ್ಕ ಮಕ್ಕಳಿಗೂ ದೀರ್ಘವಾದ ಶಸ್ತ್ರಚಿಕಿತ್ಸೆಗಳಿಗೂ ಇದು ಹೊಂದುವುದಿಲ್ಲ.

ಆಸ್ಪತ್ರೆಯಲ್ಲಿ ಕಂಡ ಉಪಾಯವೆಂದು ಮನೆಯಲ್ಲಿ ಹಗ್ಗ, ದಾರಗಳಿಂದ ತೋಳನ್ನು ಬಿಗಿಯಬಾರದು. ಮೇವು ಕತ್ತರಿಸುವ ಯಂತ್ರಕ್ಕೋ ಗಾಳಿಪಟದ ಮಾಂಜಾಕ್ಕೋ ಕೈ ಕೊಯ್ದುಕೊಂಡಾಗ ಶುದ್ಧ ಬಟ್ಟೆಯಿಂದ ಗಾಯವನ್ನೇ ಬಲವಾಗಿ ಒತ್ತಿಹಿಡಿದು, ಕೈಯನ್ನು ಎತ್ತರದಲ್ಲಿಟ್ಟು ಆಸ್ಪತ್ರೆಗೆ ಒಯ್ಯಬೇಕು. ಹಾವು ಕಚ್ಚಿದಾಗಲಂತೂ ಕಟ್ಟು ಹಾಕಲೇಬಾರದು.

ಶಸ್ತ್ರಚಿಕಿತ್ಸೆ ಮುಗಿದು ಪಟ್ಟಿಯ ಗಾಳಿ ಬಿಟ್ಟಾಗ ಕೈ ಕೆಂಪೇರಿ ಬಿಸಿಯಾಗುತ್ತದೆ, ಜುಮ್ಮೆನ್ನುತ್ತದೆ. ಕೆಲವು ನಿಮಿಷಗಳಲ್ಲಿ ಇದು ಶಮನವಾಗುತ್ತದೆ. ಮದ್ದಿನ ಪ್ರಭಾವ ಪೂರ್ಣ ಇಳಿದ ಬಳಿಕವೂ, ಮರುದಿನ ಮಣಿಕಟ್ಟನ್ನು ಮೇಲೆತ್ತಲಾಗದಿದ್ದರೆ ಅಥವಾ ಬೆರಳುಗಳು ಮರಗಟ್ಟಿಯೇ ಇದ್ದರೆ ತಡಮಾಡದೆ ಶಸ್ತ್ರವೈದ್ಯರಿಗೆ ತೋರಿಸಬೇಕು. ಪಟ್ಟಿಯನ್ನು ಬಿಗಿದ ವೇಳೆ, ಬಿಚ್ಚಿದ ವೇಳೆ ಹಾಗೂ ಕೊಟ್ಟ ಒತ್ತಡವನ್ನು ರೋಗಿಯ ದಾಖಲೆಯಲ್ಲಿ ಬರೆದಿಡುವುದು ವಾಡಿಕೆ. ಅದನ್ನು ಅಂದು ಪರಿಶೀಲಿಸಲಾಗುತ್ತದೆ.